‘ನೀವು’ ಮತ್ತು ‘ನೀನು’ಗಳ ನಡುವಿನ ಹೊಲಿಗೆ: ಅಭಿಮಾನಿ ಕಥನದ ಸಹಲೇಖನದಲ್ಲಿ ಏಕಧ್ವನಿಯ ಆದರ್ಶ, ಒಂದು ವಿಮರ್ಶೆ

ಸಾರಾಂಶ

ಇಬ್ಬರು ಸೇರಿ ಬರೆದ ಕಥೆ ಒಬ್ಬರೇ ಬರೆದಂತೆ ಕಾಣಬೇಕೆಂಬುದು ಅಭಿಮಾನಿ ಕಥನದ ಸಹಲೇಖಕರಿಗೆ ದೊರೆಯುವ ರೂಢಿಯ ಸಲಹೆ. ಈ ಲೇಖನವು ಆ ಸಲಹೆಯನ್ನು ಭಾಷಾವೈಜ್ಞಾನಿಕ ದೃಷ್ಟಿಯಿಂದ ಪರಿಶೀಲಿಸುತ್ತದೆ. ಇಬ್ಬರು ಲೇಖಕರ ನಡುವಿನ ಭಾಷಿಕ ವ್ಯತ್ಯಾಸಗಳಲ್ಲಿ ಕೆಲವನ್ನು ಓದುಗರು ಕಥೆಯ ಅರ್ಥವಾಗಿ ಗ್ರಹಿಸುತ್ತಾರೆ, ಉಳಿದವು ಅವರ ಗಮನಕ್ಕೇ ಬರುವುದಿಲ್ಲ. ಮೊದಲನೆಯ ಬಗೆಯವುಗಳ ಬಗ್ಗೆ ಒಪ್ಪಂದವಿದ್ದರೆ ಸಹಲೇಖನ ನಿಲ್ಲುತ್ತದೆ. ಎರಡನೆಯವುಗಳನ್ನು ಅಳಿಸಿಹಾಕುವ ಶ್ರಮ ವ್ಯರ್ಥ, ಕೆಲವೊಮ್ಮೆ ಹಾನಿಕರ ಎಂಬುದು ಇಲ್ಲಿನ ವಾದ. ಷರ್ಲಾಕ್ ಹೋಮ್ಸ್ ಕಥಾಲೋಕವನ್ನು ಕನ್ನಡದಲ್ಲಿ ಮುಂದುವರಿಸುವಾಗ ಎದುರಾಗುವ ಸಂಬೋಧನೆಯ ಸಮಸ್ಯೆಯನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ಪ್ರಮುಖ ಪದಗಳು: ಸಹಲೇಖನ, ಅಭಿಮಾನಿ ಕಥನ, ಸಂಬೋಧನಾ ಸರ್ವನಾಮ, ಆಖ್ಯಾತ ಪ್ರತ್ಯಯ, ಶೈಲಿಮಾಪನ

1. ಪ್ರಸ್ತಾವನೆ

ಅನ್ಯರು ಸೃಷ್ಟಿಸಿದ ಪಾತ್ರಗಳನ್ನೂ ಕಥಾಲೋಕವನ್ನೂ ಎತ್ತಿಕೊಂಡು ಓದುಗರೇ ಬರೆಯುವ ಹೊಸ ಕಥೆಗೆ ಫ್ಯಾನ್ ಫಿಕ್ಷನ್ ಎಂಬ ಹೆಸರು ರೂಢವಾಗಿದೆ. ಇಲ್ಲಿ ನಾವು ಅದನ್ನು ಅಭಿಮಾನಿ ಕಥನ ಎಂದು ಕರೆದಿದ್ದೇವೆ. 1967ರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ಹೊರತಂದ ‘ಸ್ಪಾಕನೇಲಿಯ’ದಂತಹ ಸಂಚಿಕೆಗಳಿಂದ ಹಿಡಿದು, 2019ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಬೃಹತ್ ಸಂಗ್ರಹದವರೆಗೆ ಈ ಬರವಣಿಗೆ ಬಹುಮಟ್ಟಿಗೆ ಕೂಡಿ ಮಾಡುವ ಕೆಲಸವಾಗಿಯೇ ಬೆಳೆದಿದೆ. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದುವುದು, ಅಧ್ಯಾಯಗಳನ್ನು ಸರದಿಯಂತೆ ಬರೆಯುವುದು, ಪಾತ್ರಗಳನ್ನು ಹಂಚಿಕೊಂಡು ಬರೆಯುವುದು ಇವೆಲ್ಲ ಅಲ್ಲಿ ಸಾಮಾನ್ಯ. ಆದರೂ ಈ ಸಹಲೇಖನದ ಬಗ್ಗೆ ನಮ್ಮ ಶಾಸ್ತ್ರದಲ್ಲಿ ನಡೆದಿರುವ ಚರ್ಚೆ ವಿರಳ. ಬರೆಯುವವರ ನಡುವೆ ಚಲಾವಣೆಯಲ್ಲಿರುವ ಸಲಹೆಯಂತೂ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಎಲ್ಲಿ ಒಬ್ಬರ ಕೈ ನಿಂತಿತು, ಎಲ್ಲಿ ಇನ್ನೊಬ್ಬರ ಕೈ ಆರಂಭವಾಯಿತು ಎಂಬುದು ತಿಳಿಯಬಾರದು.

ಈ ಸಲಹೆಯನ್ನು ನಾವು ಒಮ್ಮೆ ಅಕ್ಷರಶಃ ಪಾಲಿಸಿದ್ದೇವೆ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಸಹಪಾಠಿ ಗೆಳತಿಯೊಬ್ಬರೊಡನೆ ಸೇರಿ ಹೋಮ್ಸ್ ಕಥೆಯೊಂದನ್ನು ಕನ್ನಡದಲ್ಲಿ ಬರೆಯತೊಡಗಿದೆವು. ಮೊದಲ ಮತ್ತು ಮೂರನೆಯ ಅಧ್ಯಾಯ ನಮ್ಮವು, ಎರಡನೆಯದು ಅವರದು. ಅವರ ಅಧ್ಯಾಯದ ಕೊನೆಯಲ್ಲಿ ಹೋಮ್ಸ್ ವಾಟ್ಸನ್ನನನ್ನು ‘ನೀನು’ ಎನ್ನುತ್ತಿದ್ದುದನ್ನು ಕಂಡು ಅದನ್ನು ಕೈತಪ್ಪೆಂದು ಬಗೆದೆವು. ಕಡತದಲ್ಲಿದ್ದ ‘ನೀನು’ಗಳನ್ನೆಲ್ಲ ಅವರನ್ನು ಕೇಳದೆ ಒಮ್ಮೆಲೇ ‘ನೀವು’ ಎಂದು ಬದಲಿಸಿದೆವು. ಕಥೆ ಅಲ್ಲಿಗೆ ನಿಂತಿತು. ಅವರು ಮುಂದೆ ಬರೆಯಲಿಲ್ಲ. ಏಕೆ ಬರೆಯಲಿಲ್ಲವೆಂಬುದನ್ನು ಅರ್ಥಮಾಡಿಕೊಳ್ಳಲು ನಮಗೆ ಹಲವು ವರ್ಷಗಳೇ ಬೇಕಾದವು. ಈ ಲೇಖನದ ಹಿಂದೆ ಆ ತಿದ್ದುಪಡಿ ಇದೆ. ಇಲ್ಲಿ ಬರುವ ಕನ್ನಡ ಉದಾಹರಣೆಗಳೆಲ್ಲ ನಾವೇ ಹೊಸದಾಗಿ ರಚಿಸಿಕೊಂಡವು. ಅವರ ವಾಕ್ಯಗಳು ಅವರವು. ಅವನ್ನು ಇಲ್ಲಿ ಬಳಸಿಲ್ಲ.

2. ಎರಡು ಬಗೆಯ ಹೊಲಿಗೆ

ಸಹಲೇಖನದ ಹೊಲಿಗೆಯನ್ನು ಹುಡುಕುವ ವಿದ್ಯೆ ಹಳೆಯದು. ಸೈರಸ್ ಹಾಯ್ 1956ರಿಂದ 1962ರವರೆಗೆ ಏಳು ಭಾಗಗಳಲ್ಲಿ ಪ್ರಕಟಿಸಿದ ಅಧ್ಯಯನವು ಜಾನ್ ಫ್ಲೆಚರ್ ಮತ್ತು ಅವನ ಜೊತೆಗಾರರ ನಾಟಕಗಳಲ್ಲಿ ಯಾರ ಪಾಲು ಎಷ್ಟೆಂಬುದನ್ನು ಸಣ್ಣ ಭಾಷಾರೂಪಗಳ ಆಧಾರದಿಂದ ಬೇರ್ಪಡಿಸಲು ಯತ್ನಿಸಿತು. ಫ್ಲೆಚರ್ ಮಧ್ಯಮ ಪುರುಷದಲ್ಲಿ ‘ಯೂ’ ಜೊತೆಗೆ ‘ಯೀ’ ರೂಪವನ್ನು ಹೇರಳವಾಗಿ ಬಳಸುತ್ತಾನೆ. ‘ದೆಮ್’ಗಿಂತ ಅದರ ಹ್ರಸ್ವರೂಪ ‘ಎಮ್’ ಅವನಿಗೆ ಪ್ರಿಯ. ‘ಹ್ಯಾತ್’ ಎಂಬ ಹಳೆಯ ಕ್ರಿಯಾರೂಪವನ್ನು ಅವನು ದೂರವಿಡುತ್ತಾನೆ. ಅವನ ಜೊತೆಗಾರ ಮ್ಯಾಸಿಂಜರ್‌ನ ಒಲವು ಬಹುಪಾಲು ಇದಕ್ಕೆ ವಿರುದ್ಧ. ಈ ವಿಧಾನದ ಮಿತಿಗಳು ಹಾಯ್‌ಗೇ ತಿಳಿದಿದ್ದವು. ಫ್ಲೆಚರ್ ಒಬ್ಬನೇ ಬರೆದ ‘ದ ಫೇತ್‌ಫುಲ್ ಷೆಪರ್ಡೆಸ್’ ಎಂಬ ಗೋಪಜೀವನದ ನಾಟಕ ಈ ಮಾದರಿಗೆ ಹೊಂದುವುದಿಲ್ಲ. ಪ್ರತಿಕಾರರ ಕೈಯಲ್ಲೂ ಇಂಥ ರೂಪಗಳು ಬದಲಾಗಬಲ್ಲವು.

ಈ ಅಧ್ಯಯನದಲ್ಲಿ ನಮ್ಮ ಪ್ರಶ್ನೆಗೆ ಮುಖ್ಯವಾದ ಒಂದು ಅಂಶವಿದೆ. ‘ಯೀ’ ಒಂದು ಕಾಲಕ್ಕೆ ಕರ್ತೃರೂಪ, ‘ಯೂ’ ಕರ್ಮರೂಪ. ಫ್ಲೆಚರ್‌ನ ಕಾಲಕ್ಕೆ ಆ ಭೇದ ಅಳಿದಿತ್ತು. ಅವನು ‘ಯೀ’ಯನ್ನು ಏಕವಚನಕ್ಕೂ ಬಹುವಚನಕ್ಕೂ, ಕರ್ತೃವಿಗೂ ಕರ್ಮಕ್ಕೂ ಬಳಸುತ್ತಾನೆ. ಎಂದರೆ ಅದು ಅರ್ಥಭೇದವಿಲ್ಲದ ಮುಕ್ತ ಪರ್ಯಾಯ, ಬರೆಯುವವನ ಕೈಯ ಅಭ್ಯಾಸ. ಅದೇ ಸರ್ವನಾಮ ವ್ಯವಸ್ಥೆಯಲ್ಲಿದ್ದ ‘ದೌ’ ಮತ್ತು ‘ಯೂ’ಗಳ ಭೇದವಾದರೋ ಇನ್ನೂ ಜೀವಂತವಾಗಿತ್ತು. ಫ್ಲೆಚರ್ ಮತ್ತು ಷೇಕ್ಸ್‌ಪಿಯರ್ ಇಬ್ಬರ ಹೆಸರನ್ನೂ ಮುಖಪುಟದಲ್ಲಿ ಹೊತ್ತು 1634ರಲ್ಲಿ ಅಚ್ಚಾದ ‘ದ ಟೂ ನೋಬಲ್ ಕಿನ್ಸ್‌ಮೆನ್’ ನಾಟಕವನ್ನು ನೋಡಬಹುದು. ಅದು ಚಾಸರ್ ಹೇಳಿದ ಕಥೆಯ ಮರುರಚನೆ. ಚಾಸರ್ ಹೇಳಿದ್ದೂ ಬೊಕಾಚಿಯೊನ ಕಾವ್ಯದ ಮರುರಚನೆಯೇ. ಪಾತ್ರಗಳನ್ನು ಬೇರೆಡೆಯಿಂದ ಪಡೆದು ಇಬ್ಬರು ಕೂಡಿ ಬರೆದ ಕೃತಿಯೆಂಬ ಅರ್ಥದಲ್ಲಿ ಅದು ಇಂದಿನ ಅಭಿಮಾನಿ ಕಥನದ ದೂರದ ಬಂಧು. ಅದರ ಎರಡನೆಯ ಅಂಕದ ಸೆರೆಮನೆಯ ದೃಶ್ಯದಲ್ಲಿ ದಾಯಾದಿ ಗೆಳೆಯರಿಬ್ಬರು ‘ಯೂ’ ಎಂದು ಗೌರವದಿಂದ ಮಾತು ಆರಂಭಿಸುತ್ತಾರೆ. ಕಿಟಕಿಯಿಂದ ಕಂಡ ಎಮಿಲಿಯಾಳ ಮೇಲಿನ ಒಲವು ಜಗಳಕ್ಕೆ ತಿರುಗಿದಾಗ ಪ್ಯಾಲಮನ್ ‘ದೌ’ಗೆ ಇಳಿಯುತ್ತಾನೆ. ಆ ಇಳಿತವೇ ಜಗಳದ ಒಂದು ಭಾಗ. ‘ಯೀ’ ಬರೆಯುವವನ ಗುರುತು. ‘ದೌ’ ಪಾತ್ರಗಳ ಸಂಬಂಧದ ಗುರುತು.

ಹೀಗೆ ಸಹಲೇಖನದಲ್ಲಿ ಎರಡು ಹೊಲಿಗೆಗಳಿವೆ. ಒಂದನ್ನು ಎಣಿಕೆಯಿಂದ ಮಾತ್ರ ಕಾಣಬಹುದು. ಓದುಗರಿಗೆ ಅದರಿಂದ ಯಾವ ತೊಡಕೂ ಇಲ್ಲ. ಇನ್ನೊಂದು ಬಿಚ್ಚಿದರೆ ಕಥೆಯೇ ಬಿಚ್ಚಿಕೊಳ್ಳುತ್ತದೆ. ಏಕಧ್ವನಿಯ ಸಲಹೆಯ ದೋಷವೆಂದರೆ ಅದು ಈ ಎರಡನ್ನೂ ಒಂದೇ ಎಂದು ಭಾವಿಸುವುದು.

3. ಇಂಗ್ಲಿಷಿನ ‘ಯೂ’ ನಿರ್ಧರಿಸದೆ ಬಿಟ್ಟದ್ದು

ಕನ್ನಡದಲ್ಲಿ ಹೋಮ್ಸ್ ಕಥೆಯನ್ನು ಮುಂದುವರಿಸುವ ಇಬ್ಬರು ಲೇಖಕರು ಮೊದಲ ಸಂಭಾಷಣೆಯಲ್ಲೇ ಒಂದು ಆಯ್ಕೆಯನ್ನು ಎದುರಿಸುತ್ತಾರೆ. ಕಾನನ್ ಡಾಯ್ಲ್‌ನ ಕಾಲದ ಆಡುಮಾತಿನ ಇಂಗ್ಲಿಷಿನಲ್ಲಿ ‘ದೌ’ ಬಳಕೆಯಿಂದ ಹೊರಗುಳಿದಿತ್ತು; ಹೋಮ್ಸ್ ಮತ್ತು ವಾಟ್ಸನ್ ಪರಸ್ಪರ ‘ಯೂ’ ಎನ್ನುತ್ತಾರೆ, ಮನೆತನದ ಹೆಸರು ಹಿಡಿದು ಕರೆಯುತ್ತಾರೆ. ಅಂದಿನ ಸಮಾನ ಸ್ಕಂಧರ ನಡುವೆ ಅದು ಸಲಿಗೆಯ ರೂಪವೇ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಗುರುತಿಸಿದ ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಅಕ್ಷಗಳ ನಡುವೆ ಈ ಸ್ನೇಹವನ್ನು ಎಲ್ಲಿ ಇಡಬೇಕೆಂಬುದನ್ನು ಮೂಲದ ಸರ್ವನಾಮ ಹೇಳುವುದಿಲ್ಲ. ಕನ್ನಡ ಹೇಳಲೇಬೇಕು. ಸರ್ವನಾಮವನ್ನೇ ಬಿಟ್ಟು ಬರೆದರೂ ತಪ್ಪಿಸಿಕೊಳ್ಳಲಾಗದು:

(1) ಕಿಟಕಿಯ ಗಾಜನ್ನು ನೋಡಿದೆಯಾ, ವಾಟ್ಸನ್?
(2) ಕಿಟಕಿಯ ಗಾಜನ್ನು ನೋಡಿದಿರಾ, ವಾಟ್ಸನ್?

ಎರಡರಲ್ಲೂ ಸರ್ವನಾಮವಿಲ್ಲ. ಸಂಬಂಧವನ್ನು ಹೊತ್ತಿರುವುದು ಆಖ್ಯಾತ ಪ್ರತ್ಯಯ. ನಮ್ಮ ಯಾಂತ್ರಿಕ ತಿದ್ದುಪಡಿ ಸೋತದ್ದೂ ಇಲ್ಲಿಯೇ. ‘ನೀನು’ ಎಂಬ ಪದವನ್ನು ‘ನೀವು’ ಎಂದು ಬದಲಿಸಿದಾಗ ಗೆಳತಿಯ ಅಧ್ಯಾಯದಲ್ಲಿ ‘ನೀವು ಬಂದೆ’, ‘ನೀವು ಕೇಳಿದೆಯಾ’ ಎಂಬಂಥ ವ್ಯಾಕರಣ ಮುರಿದ ವಾಕ್ಯಗಳು ಹುಟ್ಟಿಕೊಂಡವು. ಸರ್ವನಾಮವಿಲ್ಲದ ವಾಕ್ಯಗಳು ಏಕವಚನದಲ್ಲೇ ಉಳಿದವು. ಒಂದೇ ಪುಟದಲ್ಲಿ ಹೋಮ್ಸ್ ಮೂರು ಬಗೆಯಲ್ಲಿ ಮಾತನಾಡತೊಡಗಿದ. ಬಳಿಕ ಆ ಕ್ರಿಯಾಪದಗಳನ್ನೂ ಒಂದೊಂದಾಗಿ ತಿದ್ದಿದೆವು. ಮೊದಲ ತಪ್ಪಿಗಿಂತ ಇದು ದೊಡ್ಡದು: ಪ್ರತಿಯೊಂದು ವಾಕ್ಯದೆದುರು ನಿಂತು ಯೋಚಿಸುವ ಅವಕಾಶ ದೊರೆತಿದ್ದರೂ ಯೋಚಿಸಲಿಲ್ಲ.

ಯೋಚಿಸಿದ್ದರೆ ಒಂದು ಕ್ರಮ ಕಾಣುತ್ತಿತ್ತು. ಗೆಳತಿಯ ಅಧ್ಯಾಯದ ಬಹುಭಾಗದಲ್ಲಿ ಹೋಮ್ಸ್ ‘ನೀವು’ ಎಂದೇ ಮಾತನಾಡಿದ್ದ. ವಾಟ್ಸನ್ ಗಾಯಗೊಂಡು ಬಿದ್ದ ಸಾಲಿನ ನಂತರವೇ ಅವನು ‘ನೀನು’ ಎಂದದ್ದು. ಡಾಯ್ಲ್‌ನ ‘ದ ಥ್ರೀ ಗ್ಯಾರಿಡೆಬ್ಸ್’ ಕಥೆಯನ್ನು ಬಲ್ಲವರಿಗೆ ಇದರ ಮೂಲ ತಿಳಿಯದಿರದು: ವಾಟ್ಸನ್ನನಿಗೆ ಗುಂಡು ತಗುಲಿದಾಗ ಹೋಮ್ಸ್‌ನ ಕಾಠಿಣ್ಯದ ಹಿಂದಿದ್ದ ಪ್ರೀತಿ ಕ್ಷಣಕಾಲ ಹೊರಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ಬದಲಾವಣೆಯನ್ನು ವಾಟ್ಸನ್ ವಿವರಿಸಿ ಹೇಳಬೇಕಾಯಿತು. ಕನ್ನಡದಲ್ಲಿ ಒಂದು ಪ್ರತ್ಯಯ ಸಾಕಾಗಿತ್ತು. ಮೂಲಭಾಷೆಗಿಲ್ಲದ ಸಾಧನವೊಂದನ್ನು ಗೆಳತಿ ಕಂಡುಕೊಂಡಿದ್ದರು. ಆ ಅಧ್ಯಾಯದ ನಿಜವಾದ ಘಟನೆ ಅದೇ ಆಗಿತ್ತು. ನಾವು ಅದನ್ನು ಅಸಂಗತಿಯೆಂದು ಓದಿ ಅಳಿಸಿದ್ದೆವು.

4. ಅರ್ಥವನ್ನು ಹೊರುವ ಭೇದಗಳು

ಸಂಬೋಧನೆಯೊಂದೇ ಈ ವರ್ಗಕ್ಕೆ ಸೇರಿದ್ದಲ್ಲ. ಕನ್ನಡದಲ್ಲಿ ಕೂಡಿ ಬರೆಯುವವರು ಮುಂಚಿತವಾಗಿ ಒಪ್ಪಬೇಕಾದ ಭೇದಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದೆಂದು ನಮ್ಮ ಅಭಿಪ್ರಾಯ.

ಮೊದಲನೆಯದು ಸಂಬಂಧ. ‘ನೀನು, ನೀವು, ತಾವು’ಗಳ ಜೊತೆಗೆ ಪ್ರಥಮ ಪುರುಷದ ಗೌರವವೂ ಇಲ್ಲಿ ಬರುತ್ತದೆ. ನಿರೂಪಕನಾದ ವಾಟ್ಸನ್ ‘ಹೋಮ್ಸ್ ಹೇಳಿದನು’ ಎನ್ನುವನೋ ‘ಹೋಮ್ಸ್ ಹೇಳಿದರು’ ಎನ್ನುವನೋ ಎಂಬುದರಿಂದ ಇಡೀ ಕಥೆಯ ನೋಟವೇ ಬೇರೆಯಾಗುತ್ತದೆ. ಮೊದಲನೆಯದರಲ್ಲಿ ಗೆಳೆಯ ಬರೆಯುತ್ತಾನೆ, ಎರಡನೆಯದರಲ್ಲಿ ಶಿಷ್ಯ.

ಎರಡನೆಯದು ಅರಿವಿನ ಆಧಾರ. ಪತ್ತೇದಾರಿ ಕಥೆಯಲ್ಲಿ ಇದು ನಿರ್ಣಾಯಕ:

(3) ಅವನು ಹಿಂಬಾಗಿಲಿನಿಂದ ಹೊರಟುಹೋದನು.
(4) ಅವನು ಹಿಂಬಾಗಿಲಿನಿಂದ ಹೊರಟುಹೋದನಂತೆ.

(3) ನಿರೂಪಕನ ಹೊಣೆಯ ಮಾತು. (4) ಇತರರಿಂದ ಕೇಳಿದ ಮಾತು. ಮೊದಲ ಲೇಖಕ ‘ಅಂತೆ’ಯನ್ನು ಎಚ್ಚರದಿಂದ ಬಳಸಿ ಸಾಕ್ಷಿಯ ಹೇಳಿಕೆಯನ್ನು ಸಂಶಯಕ್ಕೆ ಬಿಟ್ಟಿದ್ದು, ಎರಡನೆಯ ಲೇಖಕ ಅದನ್ನೇ (3)ರ ರೂಪದಲ್ಲಿ ಮತ್ತೆ ಹೇಳಿದರೆ ಸುಳ್ಳುಸಾಕ್ಷಿಯ ಎಳೆ ಅಲ್ಲಿಯೇ ಕಡಿದುಹೋಗುತ್ತದೆ.

ಮೂರನೆಯದು ನೆಲೆ. ‘ಬಂದನು’ ಮತ್ತು ‘ಹೋದನು’, ‘ಇವನು’ ಮತ್ತು ‘ಅವನು’ ಇವು ನಿರೂಪಕ ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದನ್ನು ಸೂಚಿಸುತ್ತವೆ. ವಾಟ್ಸನ್ ಬೇಕರ್ ಬೀದಿಯ ಕೋಣೆಯಲ್ಲಿ ಕುಳಿತಿರುವಾಗ ಅತಿಥಿ ಆ ಕೋಣೆಗೆ ‘ಹೋದನು’ ಎಂದು ಬರೆದರೆ ನಿರೂಪಕ ಇದ್ದಕ್ಕಿದ್ದಂತೆ ಬೀದಿಗೆ ಬಿದ್ದಂತಾಗುತ್ತದೆ.

ಇವುಗಳ ಎದುರಿಗೆ ‘ಯೀ’ಯಂತಹ ಭೇದಗಳನ್ನು ಇಡಬಹುದು. ಒಬ್ಬರು ‘ಪರೀಕ್ಷಿಸಲು ಬಾಗಿದನು’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಪರೀಕ್ಷಿಸುವುದಕ್ಕೆ ಬಾಗಿದನು’ ಎನ್ನುತ್ತಾರೆ. ಒಬ್ಬರು ‘ಮತ್ತು’ ಬಳಸಿದಲ್ಲಿ ಇನ್ನೊಬ್ಬರು ‘ಊ’ ಪ್ರತ್ಯಯದಿಂದ ನಾಮಪದಗಳನ್ನು ಕೂಡಿಸುತ್ತಾರೆ. ಒಬ್ಬರ ವಾಕ್ಯ ದೀರ್ಘ, ಇನ್ನೊಬ್ಬರದು ಹ್ರಸ್ವ. ಶೈಲಿಮಾಪನಕಾರರಿಗೆ ಇದು ಸಮೃದ್ಧ ಸಾಮಗ್ರಿ; ಹೋಮ್ಸ್ ಮತ್ತು ವಾಟ್ಸನ್ನನ ನಡುವೆ ಏನು ನಡೆಯಿತೆಂಬುದನ್ನು ಇದು ಬದಲಿಸುವುದಿಲ್ಲ.

5. ಒಬ್ಬನೇ ಲೇಖಕನೂ ಅಸಂಗತನೇ

ಏಕಧ್ವನಿಯ ಆದರ್ಶದ ಹಿಂದೆ ಒಂದು ನಂಬಿಕೆ ಇದೆ: ಒಬ್ಬನೇ ಬರೆದಲ್ಲಿ ಸಂಗತಿ ತಾನಾಗಿ ಇರುತ್ತದೆ. ಹೋಮ್ಸ್ ಕಥೆಗಳೇ ಇದನ್ನು ಅಲ್ಲಗಳೆಯುತ್ತವೆ. ಮೊದಲ ಕಾದಂಬರಿಯಲ್ಲಿ ವಾಟ್ಸನ್ನನ ಯುದ್ಧದ ಗಾಯ ಭುಜದಲ್ಲಿದೆ, ಎರಡನೆಯದರಲ್ಲಿ ಕಾಲಿನಲ್ಲಿ. ಅವನ ಹೆಸರು ಜಾನ್; 1891ರ ಕಥೆಯೊಂದರಲ್ಲಿ ಹೆಂಡತಿ ಅವನನ್ನು ಜೇಮ್ಸ್ ಎನ್ನುತ್ತಾಳೆ. ಓದುಗರು ಈ ತಪ್ಪುಗಳಿಂದ ಕೃತಿಯನ್ನು ತೊರೆಯಲಿಲ್ಲ. ಅವುಗಳಿಗೆ ಅರ್ಥ ಹುಡುಕಿದರು. ವಾಟ್ಸನ್ನನ ನಡುಹೆಸರಿನ ‘ಎಚ್’ ಅಕ್ಷರ ಜೇಮ್ಸ್‌ನ ಸ್ಕಾಟಿಷ್ ರೂಪವಾದ ಹೇಮಿಷ್ ಆಗಿರಬೇಕೆಂದು ಡೊರೊತಿ ಸೇಯರ್ಸ್ ವಾದಿಸಿದರು. ರೊನಾಲ್ಡ್ ನಾಕ್ಸ್ ತಮ್ಮ 1911ರ ಪ್ರಬಂಧದಲ್ಲಿ ಬೈಬಲ್ ಪಾಠವಿಮರ್ಶೆಯನ್ನು ಅಣಕಿಸುತ್ತ, ಕೆಲವು ಕಥೆಗಳನ್ನು ಎರಡನೆಯ ವಾಟ್ಸನ್ನನೊಬ್ಬ ಬರೆದಿರಬೇಕೆಂಬ ಸಿದ್ಧಾಂತವನ್ನು ವಿನೋದಕ್ಕಾಗಿ ಕಟ್ಟಿದರು. ಅಸಂಗತಿ ಕಂಡೊಡನೆ ಎರಡನೆಯ ಕೈಯನ್ನು ಊಹಿಸುವ ಪಂಡಿತರ ಚಟವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ಸೇಯರ್ಸ್ ಮತ್ತು ನಾಕ್ಸ್ ಇಬ್ಬರೂ ಪಾಲ್ಗೊಂಡ ಒಂದು ಸಹಲೇಖನವೂ ಉಂಟು. ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು ಸರದಿಯಂತೆ ಬರೆದ ‘ದ ಫ್ಲೋಟಿಂಗ್ ಅಡ್ಮಿರಲ್’ 1931ರಲ್ಲಿ ಪ್ರಕಟವಾಯಿತು. ಅಲ್ಲಿನ ನಿಯಮಗಳು ಧ್ವನಿಯ ಬಗ್ಗೆ ಏನನ್ನೂ ವಿಧಿಸಲಿಲ್ಲ. ಪ್ರತಿಯೊಬ್ಬರೂ ನಿರ್ದಿಷ್ಟ ಪರಿಹಾರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕು. ಹಿಂದಿನವರು ಬಿಟ್ಟುಹೋದ ತೊಡಕುಗಳನ್ನು ನಿರ್ಲಕ್ಷಿಸದೆ ತಮ್ಮ ಪರಿಹಾರದಲ್ಲಿ ಅಳವಡಿಸಿಕೊಳ್ಳಬೇಕು. ಮುಂದೆ ಬರೆಯುವವರು ಹಿಂದೆ ಬರೆದವರಿಗೆ ಸಲ್ಲಿಸಬೇಕಾದ ಋಣ ಇದು. ಹಿಂದಿನ ಪಠ್ಯದಲ್ಲಿ ಕಂಡ ವಿಚಿತ್ರವನ್ನು ಮೊದಲು ಉದ್ದೇಶಪೂರ್ವಕವೆಂದು ಓದಬೇಕು, ಆಮೇಲೆ ಮಾತ್ರ ತಪ್ಪೆಂದು. ಗೆಳತಿಯ ‘ನೀನು’ವಿಗೆ ನಾವು ಸಲ್ಲಿಸದೆ ಹೋದದ್ದು ಈ ಋಣವನ್ನೇ.

6. ಪಾಲು ಮತ್ತು ಹೆಸರು

ಹೋಮ್ಸ್ ಲೋಕದಲ್ಲಿ ಇಬ್ಬರು ಕೂಡಿ ಬರೆದ ಪ್ರಸಿದ್ಧ ಸಂಕಲನವೆಂದರೆ 1954ರ ‘ದಿ ಎಕ್ಸ್‌ಪ್ಲಾಯ್ಟ್ಸ್ ಆಫ್ ಷರ್ಲಾಕ್ ಹೋಮ್ಸ್’. ಡಾಯ್ಲ್‌ನ ಮಗ ಏಡ್ರಿಯನ್ ಕಾನನ್ ಡಾಯ್ಲ್ ಮತ್ತು ಪತ್ತೇದಾರಿ ಕಾದಂಬರಿಕಾರ ಜಾನ್ ಡಿಕ್ಸನ್ ಕಾರ್ ಇದರ ಲೇಖಕರು. ಮೂಲದಲ್ಲಿ ವಾಟ್ಸನ್ ಹೆಸರಿಸಿಯೂ ಹೇಳದೆ ಬಿಟ್ಟ ಪ್ರಕರಣಗಳ ಮೇಲೆ ಕಥೆಗಳು ನಿಂತಿವೆ. ಇಬ್ಬರಿಗೂ ಸಮಾನವಾದ ಈ ನೆಲಗಟ್ಟು ದೊಡ್ಡ ಅನುಕೂಲವೇ ಸರಿ. 12 ಕಥೆಗಳಲ್ಲಿ 2 ಇಬ್ಬರೂ ಕೂಡಿ ಬರೆದವು, 2 ಬಹುತೇಕ ಕಾರ್ ಬರೆದವು, 2 ಬಹುತೇಕ ಏಡ್ರಿಯನ್ ಬರೆದವು. ಕಾರ್ ಅಸ್ವಸ್ಥರಾದ ಮೇಲೆ ಉಳಿದ 6ನ್ನು ಏಡ್ರಿಯನ್ ಒಬ್ಬರೇ ಬರೆದರು. ಈ ಹಂಚಿಕೆಯನ್ನು ಪುಸ್ತಕವೇ ತಿಳಿಸುತ್ತದೆ. ಹೊಲಿಗೆಯನ್ನು ತೋರಿಸುವುದರಿಂದ ಕಥೆ ಕೆಡುವುದಿಲ್ಲ, ಅವರವರ ದುಡಿಮೆಗೆ ಅವರವರ ಹೆಸರು ಉಳಿಯುತ್ತದೆ. ಏಕಧ್ವನಿಯ ಆದರ್ಶ ಈ ಹೆಸರನ್ನೇ ನುಂಗುತ್ತದೆ. ಕೊನೆಯ ಸಲ ತಿದ್ದಿದವರ ಧ್ವನಿಯೇ ‘ಒಂದು ಧ್ವನಿ’ಯಾಗಿ ನಿಲ್ಲುವುದರಿಂದ, ಸಮಾನತೆಯ ಹೆಸರಿನಲ್ಲಿ ಒಬ್ಬರು ಇನ್ನೊಬ್ಬರನ್ನು ಆವರಿಸಿಕೊಳ್ಳುವ ಸಾಧ್ಯತೆ ಅಲ್ಲಿ ಯಾವಾಗಲೂ ಇದೆ. ಮಾರ್ಗದರ್ಶಕರೊಡನೆ ಪ್ರಬಂಧ ಬರೆಯುವ ಸಂಶೋಧನ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಾಗಿರಲಾರದು.

ನಮ್ಮ ಪರಂಪರೆಯಲ್ಲೂ ಕಾಣುವ ಹೊಲಿಗೆಗಳಿವೆ. ಕುಮಾರವ್ಯಾಸ ಮೊದಲ ಹತ್ತು ಪರ್ವಗಳನ್ನು ಹೇಳಿ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರ್ಣಗೊಳಿಸಿದ. ಹಿಂದಿನವನೊಡನೆ ಸಮಾಲೋಚಿಸುವ ಅವಕಾಶ ಅವನಿಗಿರಲಿಲ್ಲ. ಭಾಮಿನಿ ಷಟ್ಪದಿಯನ್ನು ಉಳಿಸಿಕೊಂಡ. ತನ್ನ ಭಾಗವನ್ನು ಕುಮಾರವ್ಯಾಸನದೆಂದು ಸಾಗಿಸಲಿಲ್ಲ. ಅದು ಇಂದಿಗೂ ‘ಕೃಷ್ಣರಾಯ ಭಾರತ’ವೆಂಬ ಹೆಸರಿನಿಂದಲೇ ಪರಿಚಿತ.

7. ಎರಡು ಆಕ್ಷೇಪಗಳು

ನಮ್ಮ ವಿಂಗಡಣೆಗೆ ಎರಡು ಆಕ್ಷೇಪಗಳು ಏಳಬಹುದು. ಒಂದು, ಮುಕ್ತ ಪರ್ಯಾಯವೆಂದು ನಾವು ಕರೆದದ್ದು ಎಲ್ಲೆಡೆಯೂ ಮುಕ್ತವಲ್ಲ. ‘ನೋಡಲಿಕ್ಕೆ’ ಎಂಬ ರೂಪ ಒಂದು ಪಾತ್ರದ ಬಾಯಲ್ಲಿ ಬಂದರೆ ಪ್ರದೇಶವನ್ನೋ ಸಾಮಾಜಿಕ ನೆಲೆಯನ್ನೋ ಸೂಚಿಸೀತು. ಇದು ನಿಜ. ಒಂದು ಭೇದಕ್ಕೆ ಅರ್ಥವಿದೆಯೇ ಎಂಬುದನ್ನು ಭಾಷೆಯೊಂದೇ ನಿರ್ಧರಿಸುವುದಿಲ್ಲ. ಆ ಕೃತಿಯೂ ನಿರ್ಧರಿಸುತ್ತದೆ. ಆದ್ದರಿಂದ ನಮ್ಮ ಮೂರು ವರ್ಗಗಳು ಚರ್ಚೆಯ ಆರಂಭಕ್ಕೆ ಮಾತ್ರ. ಪಟ್ಟಿಯನ್ನು ಆಯಾ ಲೇಖಕರು ತಮ್ಮ ಕಥೆಗೆ ತಕ್ಕಂತೆ ಬೆಳೆಸಬೇಕು.

ಎರಡು, ಹೋಮ್ಸ್ ಕಥೆಗಳಂತೆ ಪಾತ್ರವೊಂದೇ ನಿರೂಪಕನಾಗಿರುವಲ್ಲಿ ನಿರೂಪಣೆಯ ಪ್ರತಿಯೊಂದು ಅಭ್ಯಾಸವೂ ಆ ಪಾತ್ರದ್ದಾಗುವುದಿಲ್ಲವೇ? ಆಗುತ್ತದೆ. ಅಲ್ಲಿ ಮುಕ್ತ ವಲಯ ಕಿರಿದಾಗುತ್ತದೆ. ಹಂಚಿಕೆಯ ಕ್ರಮವನ್ನೇ ಇದಕ್ಕೆ ಹೊಂದಿಸುವುದು ಒಂದು ದಾರಿ. ಜೇಮ್ಸ್ ಎಸ್. ಎ. ಕೋರಿ ಎಂಬ ಸಮಾನ ಅಂಕಿತದಲ್ಲಿ ಬರೆಯುವ ಡೇನಿಯಲ್ ಏಬ್ರಹಮ್ ಮತ್ತು ಟೈ ಫ್ರಾಂಕ್ 2011ರ ‘ಲೆವಯಥನ್ ವೇಕ್ಸ್’ನಲ್ಲಿ ಎರಡು ಪಾತ್ರಗಳ ದೃಷ್ಟಿಕೋನದ ಅಧ್ಯಾಯಗಳನ್ನು ಹಂಚಿಕೊಂಡರು. ಲೇಖಕರ ಭೇದ ಅಲ್ಲಿ ಪಾತ್ರಗಳ ಭೇದದೊಡನೆ ಒಂದಾಯಿತು. ಒಬ್ಬನೇ ವಾಟ್ಸನ್ ಬೇಕೆನ್ನುವವರು ನಿರೂಪಣೆಯನ್ನು ಒಬ್ಬರಿಗೂ ಪತ್ರ, ಹೇಳಿಕೆ, ದಿನಚರಿಗಳನ್ನು ಇನ್ನೊಬ್ಬರಿಗೂ ಬಿಡಬಹುದು.

8. ಉಪಸಂಹಾರ

ಅಭಿಮಾನಿ ಕಥನದಲ್ಲಿ ಕೂಡಿ ಬರೆಯುವವರು ಮೊದಲ ಅಧ್ಯಾಯಕ್ಕೆ ಮುನ್ನ ಒಂದು ಪುಟದ ಒಪ್ಪಂದವನ್ನು ಬರೆದುಕೊಳ್ಳಬೇಕೆಂಬುದು ನಮ್ಮ ಸೂಚನೆ. ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾವ ದೃಶ್ಯದಲ್ಲಿ ಅದು ಬದಲಾಗಬಹುದು. ನಿರೂಪಕನಿಗೆ ಯಾವುದು ಕಂಡದ್ದು, ಯಾವುದು ಕೇಳಿದ್ದು. ಅವನು ನಿಂತ ಜಾಗ ಯಾವುದು. ಇನ್ನೊಬ್ಬರ ವಾಕ್ಯವನ್ನು ಕೇಳದೆ ತಿದ್ದಬಹುದಾದ ಎಲ್ಲೆ ಎಲ್ಲಿಯವರೆಗೆ. ಕೊನೆಗೆ ಯಾರ ಪಾಲು ಎಷ್ಟೆಂದು ಹೇಗೆ ತಿಳಿಸಲಾಗುವುದು. ಇಷ್ಟರಲ್ಲಿ ಒಮ್ಮತವಿದ್ದರೆ ಉಳಿದಲ್ಲಿ ಅವರವರ ಕೈ ಅವರವರದಾಗಿರಲಿ.

ತಮಿಳು, ತೆಲುಗು, ತುಳು ಭಾಷೆಗಳಲ್ಲಿ ಕೇಳುಗರನ್ನು ಒಳಗೊಂಡ ಉತ್ತಮ ಪುರುಷ ಬಹುವಚನ ಬೇರೆ, ಹೊರಗಿಟ್ಟದ್ದು ಬೇರೆ. ಇಂದಿನ ಕನ್ನಡಕ್ಕೆ ಉಳಿದಿರುವುದು ಒಂದೇ ‘ನಾವು’. ಅದರ ಮೇಲೆ ಶಾಸ್ತ್ರಗದ್ಯದ ರೂಢಿಯಿಂದಾಗಿ ಒಬ್ಬರೇ ಬರೆದ ಲೇಖನದಲ್ಲೂ ಅದೇ ‘ನಾವು’ ನಿಲ್ಲುತ್ತದೆ, ಈ ಲೇಖನದಲ್ಲಿ ನಿಂತಿರುವಂತೆ. ಕಥೆಯನ್ನು ಬರೆಯತೊಡಗಿದ ‘ನಾವು’ ಇಬ್ಬರು. ಅದನ್ನು ತಿದ್ದಿದ ‘ನಾವು’ ಒಬ್ಬರು. ಕನ್ನಡದ ಸರ್ವನಾಮ ಆ ಭೇದವನ್ನು ತೋರಿಸದಿರುವುದರಿಂದಲೇ ಅದನ್ನು ಇಲ್ಲಿ ಬಿಡಿಸಿ ಹೇಳಬೇಕಾಯಿತು. ಗೆಳತಿಯ ಅಧ್ಯಾಯದ ಮೊದಲ ಪ್ರತಿ ನಮ್ಮಲ್ಲಿ ಉಳಿದಿತ್ತು. ‘ನೀನು’ ಇದ್ದಲ್ಲಿ ‘ನೀನು’ ಇರುವ ಆ ಪ್ರತಿಯನ್ನೂ ಈ ಲೇಖನದ ಕರಡನ್ನೂ ಅವರಿಗೆ ಕಳುಹಿಸಿದ್ದೇವೆ.